ಬೇಸ್ ಕೈಗೆ ಬರುವ ಮುಂಚೆ ಮನೆ ಹಿಡಿಯಬೇಡಿ

ಅಮೆರಿಕದಲ್ಲಿ ರೀಜನಲ್ ಏರ್‌ಲೈನ್‌ಗೆ ಹೊಸದಾಗಿ ಪೈಲಟ್ ಆಗಿ ಸೇರುತ್ತಿರುವ ನಮ್ಮವರಿಗೆ ಇದನ್ನು ಬರೆಯುತ್ತಿದ್ದೇನೆ. 1,500 ಗಂಟೆ ಹಾರಾಟ ಮುಗಿದು, ಆಫರ್ ಲೆಟರ್ ಕೈಗೆ ಬಂದ ಖುಷಿಯಲ್ಲಿ ಎಲ್ಲರೂ ಮೊದಲು ಮಾಡುವ ಕೆಲಸ ಮನೆ ಹುಡುಕುವುದು. ನಿಮ್ಮ ಬೇಸ್, ಅಂದರೆ ನಿಮ್ಮ ಡ್ಯೂಟಿ ಶುರುವಾಗಿ ಮುಗಿಯುವ ಊರು, ಯಾವುದು ಅಂತ ತಿಳಿಯುವವರೆಗೆ ದಯವಿಟ್ಟು ಸ್ವಲ್ಪ ತಡೆಯಿರಿ. ನಾನು ತಡೆಯಲಿಲ್ಲ. ಒಂದು ವರ್ಷದ ನಿದ್ದೆ, ದುಡ್ಡು, ನೆಮ್ಮದಿ ಮೂರೂ ಹೋದವು.

ಸಂದರ್ಶನದ ದಿನ ಕಂಪನಿಯವರು ಹೇಳಿದ ಮಾತು ಇಷ್ಟೇ: "ಶಿಕಾಗೋದಲ್ಲಿ ಜನ ಬೇಕಾಗಿದ್ದಾರೆ, ನಿಮಗೆ ಅದೇ ಸಿಗಬಹುದು." ಆ 'ಬಹುದು' ನನ್ನ ಕಿವಿಗೆ ಬೀಳಲೇ ಇಲ್ಲ. ನನ್ನ ಹೆಂಡತಿಗೂ ಅಲ್ಲೇ ಕೆಲಸ ಸಿಕ್ಕಿತು. ಇನ್ನೇನು ಬೇಕು ಅಂದುಕೊಂಡು, ಗ್ರೌಂಡ್ ಸ್ಕೂಲ್‌ನ (ಹಾರುವ ಮುಂಚಿನ ತರಗತಿ ತರಬೇತಿಯ) ಮೊದಲ ವಾರದಲ್ಲೇ ಶಿಕಾಗೋದಲ್ಲಿ 12 ತಿಂಗಳ ಲೀಸ್‌ಗೆ, ಅಂದರೆ ಬಾಡಿಗೆ ಕರಾರಿಗೆ, ಸಹಿ ಹಾಕಿದೆ.

ಬೇಸ್ ಹಂಚುವುದು ಸೀನಿಯಾರಿಟಿ ನಂಬರ್, ಅಂದರೆ ಯಾರು ಮೊದಲು ಸೇರಿದರು ಅನ್ನುವ ಕ್ರಮಸಂಖ್ಯೆ ನೋಡಿ. ಒಂದೇ ದಿನ ಸೇರಿದವರಲ್ಲಿ ಯಾರು ಮೇಲೆ, ಯಾರು ಕೆಳಗೆ? ನಮ್ಮ ಕಂಪನಿಯಲ್ಲಿ ಅದನ್ನು ವಯಸ್ಸಿನ ಮೇಲೆ ತೀರ್ಮಾನಿಸುತ್ತಿದ್ದರು. ಬ್ಯಾಚ್‌ನಲ್ಲಿ ಎಲ್ಲರಿಗಿಂತ ಚಿಕ್ಕವನು ನಾನು. ಶಿಕಾಗೋಗೆ ಇದ್ದದ್ದು ಎರಡೇ ಜಾಗ, ಅವು ಮೇಲಿನ ಇಬ್ಬರಿಗೆ ಹೋದವು. ನನಗೆ ಬಂದದ್ದು ನ್ಯೂಯಾರ್ಕ್‌ನ ಲಗಾರ್ಡಿಯಾ.

ಆ ದಿನ ಮಾತು ಕೊಟ್ಟವರ ಮೇಲೆ ತುಂಬಾ ಸಿಟ್ಟು ಬಂದಿತ್ತು. ಈಗ ಅನಿಸುತ್ತದೆ, ಅವರು ಹೇಳಿದಾಗ ಅದು ನಿಜವೇ ಇದ್ದಿರಬೇಕು. ರೀಜನಲ್ ಕಂಪನಿಗಳು ಹಾರಿಸುವುದು ಹೆಚ್ಚಾಗಿ ದೊಡ್ಡ ಏರ್‌ಲೈನ್‌ಗಳ ಪರವಾಗಿ, ಅವರ ಹೆಸರಲ್ಲಿ, ಕಾಂಟ್ರ್ಯಾಕ್ಟ್ ಮೇಲೆ. ಯಾವ ಊರಿಂದ ಎಷ್ಟು ವಿಮಾನ ಅನ್ನುವುದನ್ನು ತೀರ್ಮಾನಿಸುವವರು ಆ ದೊಡ್ಡವರು. ಅವರು ವೇಳಾಪಟ್ಟಿ ಬದಲಿಸಿದರೆ ನಮ್ಮ ಬೇಸ್ ಹಿಗ್ಗುತ್ತದೆ, ಕುಗ್ಗುತ್ತದೆ, ಕೆಲವೊಮ್ಮೆ ಮುಚ್ಚಿಯೇ ಹೋಗುತ್ತದೆ. ಸಂದರ್ಶನದಲ್ಲಿ ಕೂತಿರುವವರ ಕೈಯಲ್ಲಿ ಅದು ಇಲ್ಲ.

ಲೀಸ್ ಮುರಿಯಲು ಎರಡು ತಿಂಗಳ ಬಾಡಿಗೆ ಕೇಳಿದರು. ಹೆಂಡತಿಯ ಕೆಲಸ ಬೇರೆ ಅಲ್ಲೇ ಇತ್ತು. "ಪರವಾಗಿಲ್ಲ, ಕಾಮ್ಯೂಟ್ ಮಾಡ್ತೀನಿ, ಎರಡು ಗಂಟೆ ಹಾರಾಟ ಅಷ್ಟೇ ಅಲ್ವಾ" ಅಂದೆ. ಕಾಮ್ಯೂಟ್ ಅಂದರೆ ಬೇರೆ ಊರಲ್ಲಿದ್ದು, ಖಾಲಿ ಸೀಟು ಸಿಕ್ಕ ವಿಮಾನದಲ್ಲಿ ಬೇಸ್‌ಗೆ ಹೋಗಿ ಬರುವುದು. ಅಲ್ಲಿ ನಾನು ಎರಡನೇ ಸಲ ಎಡವಿದೆ.

ಹೊಸಬರು ಮೊದಲು ಕೂರುವುದು ರಿಸರ್ವ್‌ನಲ್ಲಿ, ಅಂದರೆ ನಿಗದಿತ ಹಾರಾಟ ಇಲ್ಲದೆ ಕರೆಗಾಗಿ ಕಾಯುವ ಡ್ಯೂಟಿಯಲ್ಲಿ. ನನ್ನದು ಶಾರ್ಟ್ ಕಾಲ್, ಅಂದರೆ ಫೋನ್ ಬಂದ ಎರಡು ಗಂಟೆಯೊಳಗೆ ಏರ್‌ಪೋರ್ಟ್‌ನಲ್ಲಿರಬೇಕು. ಶಿಕಾಗೋದಲ್ಲಿ ಕೂತು ಇದು ಆಗದ ಮಾತು. ಹಾಗಾಗಿ ನ್ಯೂಯಾರ್ಕ್‌ನ ಕ್ಯೂ ಗಾರ್ಡನ್ಸ್‌ನಲ್ಲಿ ಕ್ರ್ಯಾಶ್ ಪ್ಯಾಡ್, ಅಂದರೆ ಸಿಬ್ಬಂದಿ ಹಂಚಿಕೊಂಡು ಮಲಗುವ ಬಾಡಿಗೆ ಜಾಗ, ಹಿಡಿದೆ. ವಿಮಾನ ಸಿಬ್ಬಂದಿ ಎಷ್ಟು ಜಾಸ್ತಿ ಇದ್ದಾರೆಂದರೆ ಆ ಬಡಾವಣೆಯನ್ನು ಜನ ಕ್ರೂ ಗಾರ್ಡನ್ಸ್ ಅಂತಲೇ ಕರೆಯುತ್ತಾರೆ. ಒಂದು ಕೋಣೆ, ಆರು ಬಂಕ್. ರಾತ್ರಿಯಿಡೀ ಯಾರದೋ ಅಲಾರಂ, ಯಾರದೋ ಸೂಟ್‌ಕೇಸ್‌ನ ಜಿಪ್ ಸದ್ದು. ಎರಡು ಊರಲ್ಲಿ ಬಾಡಿಗೆ, ಎರಡು ಕಡೆಯೂ ನೆಟ್ಟಗೆ ಮಲಗಲಿಲ್ಲ. ರಜೆ ಶುರುವಾಗುವ ದಿನ ತಡರಾತ್ರಿ ಇಳಿದರೆ ಮನೆಗೆ ಹೋಗಲು ವಿಮಾನ ಇರುವುದಿಲ್ಲ. ಡ್ಯೂಟಿ ಬೆಳಗ್ಗೆ ಶುರುವಾದರೆ ಹಿಂದಿನ ಸಂಜೆಯೇ ಹೊರಡಬೇಕು. ನ್ಯೂಯಾರ್ಕ್ ಗಡಿಯಾರ ಒಂದು ಗಂಟೆ ಮುಂದೆ ಬೇರೆ. ನಾಲ್ಕು ದಿನದ ರಜೆ ಅನ್ನುವುದು ಮನೆಯಲ್ಲಿ ಎರಡೂವರೆ ದಿನ ಆಗುತ್ತಿತ್ತು.

ಜುಲೈನ ಒಂದು ಸಂಜೆ. ಮರುದಿನ ಬೆಳಗ್ಗೆ ಐದಕ್ಕೆ ರಿಸರ್ವ್ ಶುರು. ಸಂಜೆ ಐದರ ವಿಮಾನ ಭರ್ತಿ, ಕಾಕ್‌ಪಿಟ್‌ನ ಜಂಪ್‌ಸೀಟ್ (ಹೆಚ್ಚುವರಿ ಸೀಟು) ಆ ಕಂಪನಿಯದೇ ಪೈಲಟ್‌ಗೆ ಹೋಯಿತು. ಅವರವರ ಪೈಲಟ್‌ಗಳಿಗೇ ಮೊದಲ ಹಕ್ಕು. ಏಳರದ್ದು ಲಗಾರ್ಡಿಯಾ ಮೇಲೆ ಗುಡುಗು ಮಳೆ ಇದ್ದದ್ದರಿಂದ ನಿಂತು, ಕೊನೆಗೆ ರದ್ದಾಯಿತು. ಒಂಬತ್ತರದ್ದಕ್ಕೆ ನನಗಿಂತ ಮುಂದೆ ಮೂವರು. ಗೇಟ್ ಬಾಗಿಲು ಮುಚ್ಚುವುದನ್ನು ನೋಡುತ್ತಾ ಯೂನಿಫಾರ್ಮ್‌ನಲ್ಲಿ ನಿಂತಿದ್ದೆ. ಡ್ಯೂಟಿ ಹಂಚುವ ಶೆಡ್ಯೂಲಿಂಗ್‌ಗೆ ಫೋನ್ ಮಾಡಿ ಬರಲಾಗುವುದಿಲ್ಲ ಅಂದೆ. ಬರುವ ವಿಮಾನ ಸಿಗದಿದ್ದರೆ ಶಿಕ್ಷೆಯಿಲ್ಲದೆ ಬಿಡುವ ಕಾಮ್ಯೂಟರ್ ಪಾಲಿಸಿ ಇದೆಯಲ್ಲ ಅಂದುಕೊಂಡಿದ್ದೆ. ನಮ್ಮ ಕಾಂಟ್ರ್ಯಾಕ್ಟ್‌ನಲ್ಲಿ ಅದು ರಿಸರ್ವ್‌ನವರಿಗೆ ಅನ್ವಯಿಸುತ್ತಿರಲಿಲ್ಲ. ಚೀಫ್ ಪೈಲಟ್ ಕರೆಸಿದರು, ಫೈಲ್‌ಗೆ ಒಂದು ಪತ್ರ ಸೇರಿತು. ಪ್ರೊಬೇಷನ್‌ನಲ್ಲಿ ಇರುವವನಿಗೆ ಅಂಥ ಪತ್ರ ಅಂದರೆ ಹೊಟ್ಟೆಯಲ್ಲಿ ಕಲ್ಲು ಇಟ್ಟ ಹಾಗೆ.

ಆ ಭಯದಲ್ಲಿ ಇನ್ನೂ ದೊಡ್ಡ ತಪ್ಪು ಮಾಡಿದೆ. ನವೆಂಬರ್‌ನಲ್ಲಿ ಒಮ್ಮೆ ಕೊನೆಯ ವಿಮಾನ ಹಿಡಿದು, ಅದೂ ತಡವಾಗಿ, ರಾತ್ರಿ ಒಂದು ದಾಟಿದ ಮೇಲೆ ಇಳಿದೆ. ಪ್ಯಾಡ್‌ಗೆ ಹೋಗಿ ಬರಲು ಹೊತ್ತಿಲ್ಲ ಅಂತ ಕ್ರೂ ರೂಮಿನ ಕುರ್ಚಿಯಲ್ಲೇ ಕೋಟು ಹೊದ್ದು ಮಲಗಿದೆ. ನಾಲ್ಕು ಹತ್ತಕ್ಕೆ ಫೋನ್. ಕಾಗದದ ಮೇಲೆ ನನಗೆ ಕಾನೂನಿನಂತೆ 10 ಗಂಟೆ ವಿಶ್ರಾಂತಿ ಸಿಕ್ಕಿತ್ತು. ಕಾಮ್ಯೂಟ್ ಮಾಡಿದ ಹೊತ್ತನ್ನು ಯಾರೂ ಡ್ಯೂಟಿ ಅಂತ ಲೆಕ್ಕ ಹಿಡಿಯುವುದಿಲ್ಲ.

ಕಾಕ್‌ಪಿಟ್‌ನಲ್ಲಿ ವಿಮಾನದ ತೂಕ ಎಂಟ್ರಿ ಮಾಡುವಾಗ ಅಂಕಿ ತಪ್ಪು ಹೊಡೆದೆ. ತಿದ್ದಿದೆ. ಮತ್ತೆ ತಪ್ಪಾಯಿತು. ಕ್ಯಾಪ್ಟನ್ ಕೈ ನಿಲ್ಲಿಸಿ ನನ್ನ ಕಡೆ ತಿರುಗಿದರು.

"ರಾತ್ರಿ ಎಷ್ಟು ಹೊತ್ತು ಮಲಗಿದೆ?"

"ಎರಡು ಗಂಟೆ. ಕುರ್ಚಿಯಲ್ಲಿ."

ಅವರು ಬೈಯಲಿಲ್ಲ. "ನೀನೇ ಫೋನ್ ಮಾಡಿ ಫಟೀಗ್, ದಣಿವಿಂದ ಹಾರಲಾಗಲ್ಲ ಅಂತ ಹೇಳು" ಅಂದರು. ಮಾಡಿದೆ. ಕೈ ನಡುಗುತ್ತಿತ್ತು. ಹಿಂದೆ ಜನ ಹತ್ತಿ ಕೂರುತ್ತಿದ್ದರು, ಒಂದು ಮಗು ಕಾಕ್‌ಪಿಟ್ ಕಡೆ ಇಣುಕಿ ಕೈ ಬೀಸಿತು. ಆ ಮಗುವಿನ ಮುಖ ಇವತ್ತಿಗೂ ಮರೆತಿಲ್ಲ.

2009ರ ಫೆಬ್ರವರಿ 12ರಂದು ಬಫಲೋ ಹತ್ತಿರ ಬಿದ್ದ ಕೋಲ್ಗನ್ ಏರ್ 3407ರ ವರದಿಯನ್ನು ದಯವಿಟ್ಟು ಓದಿ. ವಿಮಾನದಲ್ಲಿದ್ದ 49 ಜನ, ನೆಲದ ಮೇಲಿದ್ದ ಒಬ್ಬರು ಸತ್ತರು. ಅದರ ಇಬ್ಬರು ಪೈಲಟ್‌ಗಳ ಬೇಸ್ ನ್ಯೂಜೆರ್ಸಿಯ ನ್ಯೂಆರ್ಕ್. ಫಸ್ಟ್ ಆಫೀಸರ್, ಅಂದರೆ ಸಹ ಪೈಲಟ್, ಹಿಂದಿನ ರಾತ್ರಿ ಸಿಯಾಟಲ್‌ನಿಂದ ಕಾಮ್ಯೂಟ್ ಮಾಡಿ ಬಂದಿದ್ದರು. ಕ್ಯಾಪ್ಟನ್ ಮನೆ ಫ್ಲಾರಿಡಾದಲ್ಲಿ. ಅಪಘಾತಕ್ಕೆ ಮುಖ್ಯ ಕಾರಣ ಸ್ಟಾಲ್ ಎಚ್ಚರಿಕೆಗೆ (ರೆಕ್ಕೆಗಳು ವಿಮಾನವನ್ನು ಎತ್ತಿಹಿಡಿಯಲಾಗದ ಸ್ಥಿತಿ ಬರುತ್ತಿದೆ ಅನ್ನುವ ಸೂಚನೆಗೆ) ಕ್ಯಾಪ್ಟನ್ ತಪ್ಪಾಗಿ ಸ್ಪಂದಿಸಿದ್ದು. ಇಬ್ಬರೂ ದಣಿದಿದ್ದಿರಬೇಕು, ಆದರೆ ಅದರ ಪಾಲು ಎಷ್ಟು ಅಂತ ಅಳೆಯಲಾಗಲಿಲ್ಲ ಅಂದಿದ್ದಾರೆ ತನಿಖೆಯವರು. ಆಮೇಲೆ ಬಂದ ಹೊಸ ವಿಶ್ರಾಂತಿ ನಿಯಮಗಳು 2014ರ ಜನವರಿಯಿಂದ ಜಾರಿಯಲ್ಲಿವೆ. ಪ್ರತಿ ಹಾರಾಟಕ್ಕೂ ಮುಂಚೆ ನಾನು ಫಿಟ್ ಇದ್ದೇನೆ ಅಂತ ಪೈಲಟ್ ಒಪ್ಪಿ ಹೇಳಬೇಕು. ಎಲ್ಲಿ ವಾಸ ಮಾಡಬೇಕು ಅನ್ನುವುದನ್ನು ಮಾತ್ರ ಯಾವ ನಿಯಮವೂ ಹೇಳುವುದಿಲ್ಲ. ಅದು ನಿಮ್ಮ ತಲೆಗೇ ಬಿಟ್ಟದ್ದು.

ಹಾಗಾಗಿ ಟ್ರೈನಿಂಗ್ ಮುಗಿಯುವವರೆಗೆ ಸಾಮಾನು ಯಾರದಾದರೂ ಮನೆಯಲ್ಲೋ, ಸ್ಟೋರೇಜ್‌ನಲ್ಲೋ ಇರಲಿ. ಬೇಸ್ ಲಿಖಿತವಾಗಿ ಬರಲಿ. ಬಂದ ಮೇಲೂ ಮೊದಲ ಕೆಲವು ತಿಂಗಳು ತಿಂಗಳ ಬಾಡಿಗೆಯ ಕೋಣೆಯೇ ಸಾಕು, ವರ್ಷದ ಲೀಸ್ ಬೇಡ. ಮೊದಲ ವರ್ಷ ಮನೆ ಕೊಳ್ಳುವ ಮಾತಂತೂ ಎತ್ತಲೇಬೇಡಿ. ಅದೇ ಬೇಸ್‌ನಲ್ಲಿ ಹಾರುತ್ತಿರುವ ಫಸ್ಟ್ ಆಫೀಸರ್‌ಗಳನ್ನು ಹುಡುಕಿ ಮಾತಾಡಿಸಿ. ರಿಸರ್ವ್ ಎಷ್ಟು ತಿಂಗಳು, ಫೋನ್ ಎಷ್ಟು ಹೊತ್ತಿಗೆ ಬರುತ್ತದೆ, ಸಿಬ್ಬಂದಿ ಪಾರ್ಕಿಂಗ್‌ನಿಂದ ಗೇಟ್‌ಗೆ ಎಷ್ಟು ನಿಮಿಷ, ಎಲ್ಲ ಕೇಳಿ. ನಸುಕಿನಲ್ಲೊಮ್ಮೆ, ಸಂಜೆ ಟ್ರಾಫಿಕ್‌ನಲ್ಲೊಮ್ಮೆ ಆ ದಾರಿಯಲ್ಲಿ ಹೋಗಿ ನೋಡಿ.

ಕೆಲವರು ಟೆಕ್ಸಸ್‌ನಲ್ಲೋ ಫ್ಲಾರಿಡಾದಲ್ಲೋ ಮನೆ ಮಾಡು, ರಾಜ್ಯದ ಆದಾಯ ತೆರಿಗೆ ಇಲ್ಲ ಅನ್ನುತ್ತಾರೆ. ತೆರಿಗೆ ಇಲ್ಲ ಅನ್ನುವುದು ನಿಜ. ಆದರೆ ಪ್ಯಾಡ್ ಬಾಡಿಗೆ, ತಪ್ಪಿದ ಟ್ರಿಪ್‌ಗೆ ಕಡಿತವಾಗುವ ಸಂಬಳ ಎಲ್ಲ ಸೇರಿಸಿ ಲೆಕ್ಕ ಹಾಕಿ. ಕಾಮ್ಯೂಟ್ ಮಾಡಲೇಬೇಕು ಅಂತಿದ್ದರೆ ಒಂದೇ ಹಾರಾಟದ ದೂರದಲ್ಲಿರಿ. ದಿನಕ್ಕೆ ಹಲವು ವಿಮಾನ, ಒಂದಕ್ಕಿಂತ ಹೆಚ್ಚು ಕಂಪನಿ ಇರುವ ಊರು ನೋಡಿ.

ನನ್ನ ಲೀಸ್ ಮುಗಿದ ದಿನವೇ ಶಿಕಾಗೋ ಮನೆ ಖಾಲಿ ಮಾಡಿದೆವು. ಹೆಂಡತಿ ನ್ಯೂಯಾರ್ಕ್‌ನಲ್ಲಿ ಬೇರೆ ಕೆಲಸ ಹುಡುಕಿಕೊಂಡಳು. ಈಗ ಜಾಕ್ಸನ್ ಹೈಟ್ಸ್‌ನಲ್ಲಿದ್ದೇವೆ, ಅಲ್ಲಿಂದ ಲಗಾರ್ಡಿಯಾಗೆ ನೇರ ಬಸ್ ಇದೆ. ಕಳೆದ ವಾರ ಬೆಳಗಿನ ನಾಲ್ಕಕ್ಕೆ ಫೋನ್ ಬಂತು. ಹಿಂದಿನ ರಾತ್ರಿ ಎಂಟಕ್ಕೇ ಮಲಗಿದ್ದೆ. ಎದ್ದು, ಸ್ನಾನ ಮಾಡಿ, ಹೆಂಡತಿಗೆ ಹೇಳಿ ಹೊರಟೆ.