ಮದ್ದು ಸೊಪ್ಪಿನ ಸಾರ: ಕಷಾಯವೋ, ಎಥನಾಲೋ, ಸಾಕ್ಸ್‌ಲೆಟ್ಟೋ?

ಕೊಡವರ ಮಳೆಗಾಲದ ತಿಂಗಳಾದ ಕಕ್ಕಡದ ಹದಿನೆಂಟಕ್ಕೆ, ಅಂದರೆ ಆಗಸ್ಟ್ 3ರ ಹೊತ್ತಿಗೆ, ಕೊಡಗಿನಲ್ಲಿ ಮದ್ದು ಸೊಪ್ಪು ಬೇಯಿಸಿದ ನೇರಳೆ ನೀರಲ್ಲಿ ಪಾಯಸ ಮಾಡುತ್ತಾರೆ. ಅದೇ ಸೊಪ್ಪಿನ ಆಂಟಿಆಕ್ಸಿಡೆಂಟ್ ಅಂಶ ತೆಗೆಯಲು ಮೂರು ವಿಧಾನ ಹೋಲಿಸಿ ನೋಡಿದ್ದೇವೆ: ನೀರಲ್ಲಿ ಕಷಾಯ, ಎಥನಾಲ್‌ನಲ್ಲಿ (ಆಲ್ಕೋಹಾಲ್) ನೆನೆಹಾಕುವುದು, ಮತ್ತು ದ್ರಾವಕವನ್ನು ಕುದಿಸಿ ಅದರ ಆವಿಯನ್ನು ತಣಿಸಿ ಪುಡಿಯ ಮೇಲೆ ಮತ್ತೆ ಮತ್ತೆ ಬೀಳಿಸುವ ಸಾಕ್ಸ್‌ಲೆಟ್ ಉಪಕರಣ. ಲ್ಯಾಬಿನ ಕೆಲಸಕ್ಕೆ ನಮ್ಮ ಆಯ್ಕೆ ಎಥನಾಲ್‌ನಲ್ಲಿ ನೆನೆಹಾಕುವುದು.

ಕಷಾಯಕ್ಕೆ 100 ಗ್ರಾಂ ಹಸಿ ಸೊಪ್ಪಿಗೆ 500 ಮಿ.ಲೀ. ನೀರು. ನೀರು ಕುದಿ ಬಂದ ಮೇಲೆಯೇ ಸೊಪ್ಪು ಹಾಕಿ 15 ನಿಮಿಷ ಬೇಯಿಸಿ. ತಣ್ಣೀರಿಗೆ ಹಾಕಿ ಒಲೆ ಹಚ್ಚಿದರೆ, ಬಿಸಿಯೇರುವಷ್ಟರಲ್ಲಿ ಎಲೆಯ ಕಿಣ್ವಗಳು ಫೀನಾಲ್‌ಗಳನ್ನು (ಆಂಟಿಆಕ್ಸಿಡೆಂಟ್ ಗುಣದ ಸಂಯುಕ್ತಗಳು) ಕೆಡಿಸಿ ಕಂದಾಗಿಸುತ್ತವೆ. ಕಬ್ಬಿಣದ ಪಾತ್ರೆ ಬೇಡ, ಸಾರ ಕಪ್ಪಾಗುತ್ತದೆ. ಸಕ್ಕರೆ, ಲೋಳೆ ಎಲ್ಲವೂ ನೀರಿಗೆ ಇಳಿಯುವುದರಿಂದ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಹೊರಗಿಟ್ಟರೆ ಮರುದಿನಕ್ಕೇ ಹುಳಿ. ಒಟ್ಟು ಫೀನಾಲನ್ನು ಬಣ್ಣದಿಂದ ಅಳೆಯುವ ಫೋಲಿನ್ ಪರೀಕ್ಷೆಯ ದ್ರಾವಣ ಸಕ್ಕರೆಗೂ ವಿಟಮಿನ್ ಸಿಗೂ ಬಣ್ಣ ಕೊಡುವುದರಿಂದ ಒಟ್ಟು ಫೀನಾಲ್ ಅಂಕಿ ಇದ್ದುದಕ್ಕಿಂತ ಹೆಚ್ಚು ಕಾಣುತ್ತದೆ.

ಉಳಿದೆರಡಕ್ಕೆ ಒಣ ಪುಡಿ ಬೇಕು. ಕಕ್ಕಡದ ಮಳೆಯಲ್ಲಿ ನೆರಳಿಗೆ ಹರಡಿದ ಸೊಪ್ಪು ಒಣಗುವ ಮೊದಲೇ ಬೂಷ್ಟು ಹಿಡಿಯುತ್ತದೆ. 40–45 ಡಿಗ್ರಿಯ ಡ್ರೈಯರ್‌ನಲ್ಲಿ ಎಲೆ ಕೈಗೆ ಪುಡಿಯಾಗುವವರೆಗೆ ಇಡಿ.

10 ಗ್ರಾಂ ಪುಡಿಗೆ 200 ಮಿ.ಲೀ. 70% ಎಥನಾಲ್, ಕಂದು ಬಾಟಲಿ, 24 ಗಂಟೆ, ಆಗಾಗ ಕುಲುಕಬೇಕು. ಸೋಸಿದ ಗಸಿಗೆ ಇನ್ನೊಮ್ಮೆ 100 ಮಿ.ಲೀ. ಹಾಕಿ. ಶುದ್ಧ ಎಥನಾಲ್ ಪತ್ರಹರಿತ್ತನ್ನೇ ಹೆಚ್ಚು ಎಳೆಯುತ್ತದೆ. 30% ನೀರು ಬೆರೆತರೆ ಎಲೆ ಉಬ್ಬಿ ಫೀನಾಲ್ ಚೆನ್ನಾಗಿ ಬಿಡುತ್ತದೆ. ನಿರ್ವಾತದಲ್ಲಿ 40 ಡಿಗ್ರಿ ದಾಟದಂತೆ ಇಂಗಿಸಿ. ಡಿನೇಚರ್ಡ್ ಸ್ಪಿರಿಟ್ ಬಳಸಬೇಡಿ, ಮೆಥನಾಲ್ ಬೆರೆತಿರಬಹುದು. ಈ ಸಾರ ಪರೀಕ್ಷೆಗೆ ಮಾತ್ರ; ಕುಡಿಯುವುದಾದರೆ ಮನೆಯ ಕಷಾಯವೇ ಸರಿ.

ಸಾಕ್ಸ್‌ಲೆಟ್‌ಗೆ ಇರುವ ಹೆಸರು ಈ ಸೊಪ್ಪಿನ ಮಟ್ಟಿಗೆ ಹೆಚ್ಚಾಯಿತು. ಫ್ಲಾಸ್ಕಿಗೆ 70% ಸುರಿದರೂ ಮೇಲೇರುವ ಆವಿಯಲ್ಲಿ ಎಥನಾಲ್ ಅಂಶವೇ ಜಾಸ್ತಿ, ಹಾಗಾಗಿ ಪುಡಿಯ ಮೇಲೆ ಬೀಳುವುದು 70% ಅಲ್ಲ. ಮೇಲಾಗಿ ಇಳಿದ ಸಾರ ಆರೇಳು ಗಂಟೆ ಕೆಳಗೆ ಕುದಿಯುತ್ತಲೇ ಇರುತ್ತದೆ. ಸಾರದ ತೂಕ ಸಿಗುತ್ತದೆ, ನೇರಳೆ ಮಂಕಾಗುತ್ತದೆ.

ಯಾವುದೇ ಸಾರವಿರಲಿ, ಡಿಪಿಪಿಹೆಚ್ ಪರೀಕ್ಷೆಯಲ್ಲಿ (ಡಿಪಿಪಿಹೆಚ್ ಎಂಬ ನೇರಳೆ ದ್ರಾವಣದ ಬಣ್ಣ ಆಂಟಿಆಕ್ಸಿಡೆಂಟ್‌ನಿಂದ ಎಷ್ಟು ಮಂಕಾಯಿತೆಂದು ಅಳೆಯುವುದು) 517 ನ್ಯಾನೋಮೀಟರ್‌ಗೆ ಓದುವಾಗ ಸೊಪ್ಪಿನ ನೇರಳೆಯೂ ಅಲ್ಲೇ ಬೆಳಕು ಹೀರುತ್ತದೆ. ಡಿಪಿಪಿಹೆಚ್ ಇಲ್ಲದೆ ಅಷ್ಟೇ ಸಾರವನ್ನು ಮೆಥನಾಲ್‌ನಲ್ಲಿ ಓದಿ ಆ ಅಂಕಿ ಕಳೆಯಬೇಕು. ಕಳೆಯದಿದ್ದರೆ ಗಾಢ ಬಣ್ಣದ ಒಳ್ಳೆಯ ಸಾರವೇ ದುರ್ಬಲವೆಂದು ಕಾಣುತ್ತದೆ.