ನಲಿ-ಕಲಿ ಕಾರ್ಡುಗಳು: ಒಂದು ವರ್ಷ ಬಳಸಿದ ಮೇಲೆ

ಧಾರವಾಡದಲ್ಲಿ ಡಿಗ್ರಿ, ಬಿ.ಎಡ್. ಮುಗಿಸಿ, ಹಾವೇರಿ ಕಡೆಯ ಹಳ್ಳಿಯೊಂದರ ಸರ್ಕಾರಿ ಶಾಲೆಗೆ ನಾನೇ ಇಷ್ಟಪಟ್ಟು ಅತಿಥಿ ಶಿಕ್ಷಕಿಯಾಗಿ ಸೇರಿದೆ. ಒಂದು ಕೋಣೆ, ಮೂರು ತರಗತಿ, ನಾನೊಬ್ಬಳೇ. ಆ ವರ್ಷ ನನ್ನ ಕೈ ಹಿಡಿದದ್ದು ನಲಿ-ಕಲಿ ಕಾರ್ಡುಗಳು.

1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಪದ್ಧತಿ ಇದು. ಮಕ್ಕಳು ಕಾರ್ಡು ಹಿಡಿದು, ತಮ್ಮ ತಮ್ಮ ವೇಗದಲ್ಲಿ, ಮೆಟ್ಟಿಲು ಮೆಟ್ಟಿಲಾಗಿ ಕಲಿಯುತ್ತಾರೆ. ಇಲ್ಲಿ ಅ, ಆ, ಇ ಅಂತ ಸಾಲಾಗಿ ಕಲಿಸುವುದಿಲ್ಲ. ಮೊದಲು ರ, ಗ, ಸ, ದ, ಅ. ಯಾಕೆ ಅಂತ ಮೊದಲು ನನಗೂ ಹೊಳೆದಿರಲಿಲ್ಲ. ಒಂದು ಮಧ್ಯಾಹ್ನ ಒಂದನೇ ತರಗತಿಯ ಹುಡುಗಿ ನೆಲದ ಮೇಲೆ ಕಾರ್ಡು ಜೋಡಿಸುತ್ತಾ ಕೂತಿದ್ದಳು. ಗ, ರ, ಗ, ಸ. ಒಂದೊಂದಕ್ಕೂ ಬೆರಳಿಟ್ಟಳು. ತಟ್ಟನೆ ತಲೆ ಎತ್ತಿ, "ಅಕ್ಕೋರೆ, ಗರಗಸ! ನಮ್ಮಪ್ಪನ ಕಡೆ ಐತ್ರಿ!" ಅಂದಳು. ಕಲಿತದ್ದು ಐದೇ ಅಕ್ಷರ, ಆಗಲೇ ಅಪ್ಪನ ಗರಗಸವನ್ನು ಓದಿಬಿಟ್ಟಳು ನೋಡಿ!

ಮೆಣಸಿನಕಾಯಿ ಬಿಡಿಸುವ ಕಾಲಕ್ಕೆ ನಮ್ಮಲ್ಲಿ ಮಕ್ಕಳು ವಾರಗಟ್ಟಲೆ ಬರುವುದಿಲ್ಲ. ಬಂದಾಗ ಬಿಟ್ಟ ಮೆಟ್ಟಿಲಿನಿಂದಲೇ ಮುಂದೆ ಹೋಗಬಹುದು. ಇದು ಸಣ್ಣ ಮಾತಲ್ಲ.

ಮಕ್ಕಳು ಜಾಸ್ತಿ ಇದ್ದರೆ ಮಾತ್ರ ಒಬ್ಬರಿಗೇ ಕಷ್ಟ. ಕಾರ್ಡಿನ ಮೂಲೆಗಳೂ ಬೇಗ ಸವೆಯುತ್ತವೆ. ಹೊಸದಾಗಿ ಸೇರುವವರು ಮೊದಲ ದಿನವೇ ಅಗಲ ಟೇಪು ಅಂಟಿಸಿಬಿಡಿ.