ಮಕ್ಕಳ ಜೊತೆ ಬೆಂಗಳೂರಿನಿಂದ ಪ್ರವಾಸಕ್ಕೆ ಮೈಸೂರೋ, ಮಡಿಕೇರಿಯೋ?
ಮೂರು ವರ್ಷದ ಪುಟ್ಟಿ, ಹದಿನಾಲ್ಕರ ಅಣ್ಣ ಇಬ್ಬರನ್ನೂ ಕರೆದುಕೊಂಡು ಹೋಗುವುದಾದರೆ ನನ್ನ ಓಟು ಮೈಸೂರಿಗೆ. ಬೆಂಗಳೂರಿನಿಂದ ರೈಲಿದೆ, ಮಗು ಬೋಗಿಯಲ್ಲಿ ಓಡಾಡಿಕೊಂಡಿರುತ್ತದೆ, ಶೌಚಾಲಯದ ಚಿಂತೆಯಿಲ್ಲ. 1892ರಲ್ಲಿ ಶುರುವಾದ ಮೃಗಾಲಯದಲ್ಲಿ ನಡೆಯಲಾರದವರಿಗೆ ಬ್ಯಾಟರಿ ಗಾಡಿ ಉಂಟು (ಮಂಗಳವಾರ ಮಾತ್ರ ಹೋಗಬೇಡಿ, ರಜೆ). ರೈಲ್ವೆ ಮ್ಯೂಸಿಯಂನಲ್ಲಿ ಚಿಕ್ಕವಳು ಪುಟಾಣಿ ರೈಲು ಹತ್ತಿದರೆ ದೊಡ್ಡವನು ಹಳೇ ಉಗಿ ಎಂಜಿನ್ ಮುಂದೆ ನಿಲ್ಲುತ್ತಾನೆ. ಭಾನುವಾರ ಸಂಜೆ ಅರಮನೆಯ ದೀಪಾಲಂಕಾರ ಚೆಂದವೇ, ಆದರೆ ಗದ್ದಲಕ್ಕೆ ಬೆದರುವ ಮಗುವಿಗೆ ಆ ಜನಜಂಗುಳಿ ಹಿಂಸೆ.

ಅಂಥ ಮಗುವಿದ್ದರೆ ಮಡಿಕೇರಿ ಕಡೆಯ ಕಾಫಿ ತೋಟದ ಹೋಂಸ್ಟೇಯೇ ವಾಸಿ. ಅಲ್ಲಿಗೆ ರೈಲಿಲ್ಲ, ತಿರುವು ರಸ್ತೆ, ವಾಂತಿಗೆ ಕವರ್ ಇಟ್ಟುಕೊಳ್ಳಿ. ಅಬ್ಬಿ ಜಲಪಾತದ ಮೆಟ್ಟಿಲುಗಳಲ್ಲಿ ಪುಟ್ಟವರನ್ನು ಎತ್ತಿಕೊಂಡೇ ಹತ್ತಿಳಿಯಬೇಕು. ಇಬ್ಬರೂ ಹತ್ತು ದಾಟಿದ್ದರೆ ಯೋಚಿಸಲೇಬೇಡಿ, ಕೊಡಗಿಗೇ ಹೊರಡಿ.